ಕಮಾನಿನ ಕೆಳಗೆ ಕುಳಿತವರು

ಅವರ ಎಡಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳ ಜಾತಿಯದಲ್ಲ. ಸುಣ್ಣ ತಿಂದು ತಿಂದು ಹಳದಿಯಾಗಿ, ಗಿಣಿಯ ಕೊಕ್ಕಿನಂತೆ ತುಸು ಬಾಗಿ, ಕೊಬ್ಬರಿಯ ಚಿಪ್ಪಿನಷ್ಟು ದಪ್ಪಗಿತ್ತು. ಆ ಉಗುರಿನಿಂದ ಅವರು ಗಚ್ಚು ಕೆರೆದು ನೋಡುತ್ತಿದ್ದರು. ಕಲ್ಲು ಕಲ್ಲಿನ ನಡುವೆ ತುಂಬಿದ ಸುಣ್ಣದ ಗಚ್ಚಿನ ಮೇಲೆ ಉಗುರು ಜಾರಿದರೆ ಕೆಲಸ ಪಾಸು. ಗೆರೆ ಬಿದ್ದರೆ ಆ ಸಾಲು ಕಿತ್ತು ಮತ್ತೆ ಕಟ್ಟಬೇಕು. ಪಾಲಿಟೆಕ್ನಿಕ್ಕಿನಿಂದ ನಾನು ತಂದ ಪತ್ರವನ್ನು ಕೈಗಿತ್ತಾಗ, ಓದುವ ಮೊದಲು ಅದರ ಕಾಗದವನ್ನೂ ಒಮ್ಮೆ ಕೆರೆದರು. ಆಮೇಲೆ ನನ್ನ ಮುಖ ನೋಡಿದರು. ನನ್ನನ್ನೂ ಕೆರೆದು ನೋಡುತ್ತಾರೇನೋ ಎಂದು ನಾನು ಹಿಂದೆ ಸರಿದೆ.

ಅವರು ಸರಕಾರಿ ರಸ್ತೆ ಕೆಲಸದ ಓವರ್‌ಸಿಯರ್. ಮುದ್ದೇಬಿಹಾಳದ ಹಳೆಯ ಮುಸಲ್ಮಾನ ಮನೆತನದವರು. ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೆಯೇ ಅನ್ನುತ್ತೇನೆ. ಇಂಡಿಯಿಂದ ತಾಂಬಾ ದಾಟಿ ಸಿಂದಗಿಗೆ ಹೋಗುವ ರಸ್ತೆಗೆ ಒಂದು ಹಳ್ಳ ಅಡ್ಡ ಬರುತ್ತದೆ. ಬೇಸಿಗೆಯಲ್ಲಿ ಅದರೊಳಗೆ ಕುರಿ ಮಲಗುತ್ತವೆ. ಮಳೆಗಾಲದಲ್ಲಿ ಅದೇ ಹಳ್ಳ ಬಸ್ಸನ್ನು ಎರಡೆರಡು ದಿನ ಆಚೆ ದಂಡೆಯಲ್ಲಿ ನಿಲ್ಲಿಸುತ್ತಿತ್ತು. ಅದಕ್ಕೊಂದು ಕಲ್ಲಿನ ಕಮಾನಿನ ಪೂಲು, ಎಂದರೆ ಸೇತುವೆ, ಕಟ್ಟಿಸುವ ಕೆಲಸ ಸಾಹೇಬರದು. ಡಿಪ್ಲೋಮಾ ಓದುತ್ತಿದ್ದ ನನ್ನನ್ನು ರಜೆಯಲ್ಲಿ ಕೆಲಸ ಕಲಿತು ಬಾ ಎಂದು ಅಲ್ಲಿಗೆ ಕಳಿಸಿದ್ದರು. ಗೊಳಸಂಗಿಯಲ್ಲಿ ನಮ್ಮಪ್ಪ ಆಗಲೇ ಕಂಡವರಿಗೆಲ್ಲ ‘ಮಗ ಪೂಲು ಕಟ್ಟಾಕತ್ತಾನ’ ಎಂದು ಹೇಳಿಯಾಗಿತ್ತು. ಮಗ ಕಟ್ಟುತ್ತಿದ್ದದ್ದು ಬರೀ ತಲೆಗೆ ರುಮಾಲು.

ನನಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ಮಂದಿಯ ದನಿ ತೆಗೆಯುವುದು. ಬಾಗೇವಾಡಿ ಬಸ್ಸಿನ ಕಂಡಕ್ಟರು, ನಮ್ಮ ಸರ್ವೇ ಮಾಸ್ತರರು, ಮೂಗಿನಲ್ಲಿ ಮಾತಾಡುವ ನಮ್ಮ ಸೋದರಮಾವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ನಮ್ಮ ಕಡೆಯ ನಾಡು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಆ ಕಡೆಯಿಂದ ಬಂದಿದ್ದ ಇಂಜಿನಿಯರ್ ಸಾಹೇಬರು ಒಮ್ಮೆ ಕೆಲಸ ನೋಡಲು ಬಂದು ‘ಏನ್ರೀ ಇದು, ಹೀಗಾ ಮಾಡೋದು’ ಎಂದು ಹೋದರು. ಬೈಗುಳವೆಂದು ತಿಳಿಯದ ಕೂಲಿಯವರು ಅದನ್ನು ನನ್ನಿಂದ ದಿನಾ ಆಡಿಸಿ ನಕ್ಕರು. ನನ್ನನ್ನು ಅವರು ಸಣ್ಣ ಸಾಹೇಬ ಎಂದು ಕರೆಯುತ್ತಿದ್ದರು. ಅದು ಮರ್ಯಾದೆ ಎಂದು ನಾನು ಒಂದು ವಾರ ತಿಳಿದಿದ್ದೆ.

ಆದರೆ ಎಲ್ಲರಿಗಿಂತ ರುಚಿಯಾದ ಸೋಗು ನಮ್ಮ ಸಾಹೇಬರದೇ. ಅಷ್ಟು ಅಂಜುವ ಮನುಷ್ಯನನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಬೂಟು ಹಾಕಿಕೊಳ್ಳುವ ಮೊದಲು ಚೇಳಿಗಾಗಿ ಕೊಡವುವರು. ಕೊಡವಿ ಮತ್ತೆ ಬಗ್ಗಿ ನೋಡುವರು. ನಾಯಿ ಬೊಗಳಿದರೆ ನನ್ನನ್ನು ಮುಂದೆ ಬಿಡುವರು. ಗುಡುಗಿದರೆ ಕಬ್ಬಿಣದ ಹಾರೆಯಿಂದ ದೂರ ಹೋಗಿ ನಿಲ್ಲುವರು. ದಾರಿಯಲ್ಲಿ ದರ್ಗಾ ಬಂದರೂ ಕೈಮುಗಿಯುವರು, ಹಳ್ಳದ ದಂಡೆಯ ಕುಂಕುಮ ಹಚ್ಚಿದ ಕಲ್ಲಿಗೂ ಕೈಮುಗಿಯುವರು. ಯಾಕ್ರಿ ಎಂದರೆ, ‘ಯಾರಿಗೂ ಸಿಟ್ಟು ಬರಬಾರ್ದು ನೋಡು, ನಮ್ಮ ಕಲ್ಲು ಕಾಲ ಕೆಳಗಿಲ್ಲ, ತಲಿ ಮ್ಯಾಲ ಐತಿ’ ಎನ್ನುವರು.

ಒಂದು ಮಧ್ಯಾಹ್ನ ರೊಟ್ಟಿ ಉಂಡಾದ ಮೇಲೆ ನಾನು ಕೂಲಿಯವರ ನಡುವೆ ನಿಂತು ಸಾಹೇಬರು ಹಲಗೆ ದಾಟುವುದನ್ನು ಆಡಿ ತೋರಿಸುತ್ತಿದ್ದೆ. ಮೊದಲು ಕೋಲಿನಿಂದ ಹಲಗೆಯನ್ನು ತಟ್ಟುವುದು, ಒಂದು ಕಾಲಿಡುವುದು, ‘ಯಾ ಅಲ್ಲಾ’ ಅನ್ನುವುದು, ಕಾಲು ಹಿಂದಕ್ಕೆ ತಕ್ಕೊಳ್ಳುವುದು. ನಗುತ್ತಿದ್ದವರೆಲ್ಲ ಒಮ್ಮೆಗೇ ಸುಮ್ಮನಾದರು. ಹಿಂದೆ ತಿರುಗಿದರೆ ಸಾಹೇಬರು ನಿಂತಿದ್ದರು.

“ನಾ ಹಿಂಗ ಅಂಜತೇನೇನು?” ಎಂದರು.

“ಇಲ್ರಿ ಸಾಹೇಬ್ರ, ಸುಮ್ಮ ಚ್ಯಾಷ್ಟಿಗೆ…”

“ಕಡಿಮಿ ಮಾಡಿ ತೋರಸೀದಿ. ನನ್ನ ಬಲಗಾಲು ಬ್ಯಾರೆ ನಡಗತೈತಿ, ಎಡಗಾಲು ಬ್ಯಾರೆ. ಸರಿಯಾಗಿ ನೋಡಿ ಮಾಡು. ಕೆಲಸ ಕಲಿಯಾಕ ಬಂದಾವ ಅರ್ಧಾಮುರ್ಧಾ ಕಲೀಬಾರ್ದು.”

ಅವತ್ತು ಎಲ್ಲರೂ ನಕ್ಕದ್ದು ನನ್ನನ್ನು ನೋಡಿ.

ನಮ್ಮ ಸೀಮೆಯಲ್ಲಿ ಜಾಲಿ ಬಿಟ್ಟರೆ ಮರವೇ ಇಲ್ಲ. ಹಾಗಾಗಿ ಕಮಾನು ಕಟ್ಟಲು ಮರದ ಅಚ್ಚು ಮಾಡುವುದಿಲ್ಲ, ಮಣ್ಣಿನ ಅಚ್ಚು ಮಾಡುತ್ತಾರೆ. ಎರಡು ಗೋಡೆಗಳ ನಡುವಿನ ಬಾಯಿಯನ್ನು ಹರಳು ಬೆರೆತ ಗರಸು ಮಣ್ಣಿನಿಂದ ತುಂಬಿ, ಬಡಿದು, ಮೇಲೆ ಗೂನು ಬೆನ್ನಿನ ಹಾಗೆ ದುಂಡಗೆ ಮಾಡಿ, ಸೆಗಣಿ ಸಾರಿಸಿ, ಅದರ ಮೇಲೆ ಕಲ್ಲು ಕೂಡಿಸುತ್ತಾರೆ. ಗಚ್ಚು ಬಲಿತ ಮೇಲೆ ಕೆಳಗಿನ ಮಣ್ಣು ಅಗೆದು ತೆಗೆಯಬೇಕು. ಆಗ ಕಮಾನು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ಇಲ್ಲವೆ ನಿಲ್ಲುವುದಿಲ್ಲ. ಬೇಗ ತೆಗೆದರೆ ಗಚ್ಚು ಹಸಿ. ತಡ ಮಾಡಿದರೆ ಮಳೆ ಬಂದು, ಬಾಯಿ ಮುಚ್ಚಿದ ಪೂಲಿಗೆ ಹಳ್ಳ ಡಿಕ್ಕಿ ಹೊಡೆದು, ಕಮಾನನ್ನೂ ಗೋಡೆಯನ್ನೂ ತಳ್ಳಿಕೊಂಡು ಹೋಗುತ್ತದೆ. ಇದನ್ನು ಕೇಳಿದ ದಿನದಿಂದ ನಾನೂ ದಿನಾ ಪಡುವಣ ದಿಕ್ಕಿನ ಮೋಡ ನೋಡತೊಡಗಿದೆ.

ಆ ವರ್ಷ ಮಳೆ ಜೂನಿನ ಮಿರಗಕ್ಕೆ ಕಾಯಲಿಲ್ಲ. ಇನ್ನೂ ಗಚ್ಚು ಬಲಿಯುತ್ತಿರುವಾಗಲೇ ಒಂದು ಸಂಜೆ ಅಡ್ಡಮಳೆ ಹೊಡೆಯಿತು. ಹಳ್ಳವೇನೂ ಬರಲಿಲ್ಲ, ನೆಲ ನೆನೆಯಿತು ಅಷ್ಟೆ. ಮರುದಿನ ಮುಂಜಾನೆ ಸಾಹೇಬರು ಕಮಾನಿನ ಮುಖದ ಮೇಲೆ ಉಗುರು ಆಡಿಸುತ್ತಾ ನಡೆದು, ಗೋಡೆಯಿಂದ ಕಮಾನು ಬಾಗುವಲ್ಲಿ, ಅದರ ಹೆಗಲಿನ ಹತ್ತಿರ, ನಿಂತರು. ಉಗುರು ಜಾರಲೂ ಇಲ್ಲ, ಗೆರೆಯೂ ಬೀಳಲಿಲ್ಲ. ಒಳಗೆ ಹೋಯಿತು.

ಬಿರುಕು. ಜೋಳದ ಗರಿಯೊಂದು ತೂರುವಷ್ಟು.

ಸಾಹೇಬರು ಉಗುರು ಹೊರಗೆ ತೆಗೆದು ಒರೆಸಿಕೊಂಡರು. ಮೆಲ್ಲಗೆ ಕೂಲಿಯವರ ಮುಕಾದಮನನ್ನು ಕರೆದರು.

“ಒಳಗ ತುಂಬಿದ್ದು ಗರಸು ಹೌದಲ್ಲೋ?”

“ಹೌದ್ರಿ.”

“ನೆತ್ತೀತನಾ ಗರಸೇನು?”

ಮುಕಾದಮ ಹಳ್ಳದ ಕಡೆ ನೋಡಿದ. “ಮ್ಯಾಲಿನ ಎರಡು ಮೊಳ ಎರಿ ಹಾಕೇವ್ರಿ. ನೀವು, ಸಣ್ಣ ಸಾಹೇಬ್ರು ಇಂಡಿ ಕಚೇರಿಗೆ ಹೋಗಿದ್ರಿ. ಬಂಡಿ ಎಲ್ಲಾ ತಾಂಬಾದ ಮದುವಿಗೆ ಹ್ವಾದುವು, ಗರಸು ತರಾಕ ಒಂದೂ ಇರಲಿಲ್ಲ. ದಂಡಿ ಮ್ಯಾಲೇ ಎರಿ ಇತ್ತು, ಹಾಕಿದಿವಿ. ಎರಿ ಏನು ಕೆಟ್ಟ ಮಣ್ಣೇನ್ರಿ? ಊರ ಹೊಟ್ಟಿ ತುಂಬಸತೈತಿ.”

“ಊರ ಹೊಟ್ಟಿ ತುಂಬಸತೈತಿ ಖರೆ. ನೀರು ಕುಡದು ತನ್ನ ಹೊಟ್ಟೀನೂ ಉಬ್ಬಸತೈತಲ್ಲೋ ಮಾರಾಯಾ.”

ನಮ್ಮ ಕಡೆಯ ಕರಿ ಎರೆಮಣ್ಣು ಹಾಗೆಯೇ. ಒಣಗಿದರೆ ಬಿರಿದು ಕಾಲು ನುಂಗುತ್ತದೆ, ನೆನೆದರೆ ಉಬ್ಬಿ ಗೋಡೆ ಎತ್ತುತ್ತದೆ. ಹೊಲದಲ್ಲಿ ಅದನ್ನು ತಾಯಿ ಎನ್ನುವ ಮಂದಿ, ಅದನ್ನು ಕಮಾನಿನ ಕೆಳಗೆ ತುಂಬಲು ಎರಡು ಸಲ ಯೋಚಿಸಿರಲಿಲ್ಲ.

ಸಾಹೇಬರು ನನಗೆ ಬಿಡಿಸಿ ಹೇಳಿದರು. ಎರೆ ಉಬ್ಬಿ ಕಮಾನನ್ನು ಎತ್ತಿ ಬಿರುಕು ಬಿಟ್ಟಿದ್ದರೆ, ಎರೆ ತೆಗೆದಾಗ ಕಲ್ಲು ಇಳಿದು ತಮ್ಮ ತಮ್ಮ ಜಾಗದಲ್ಲಿ ಕೂಡುತ್ತವೆ. ಹಾಗಲ್ಲದೆ ಗೋಡೆಯ ಬುಡವೇ ಕುಸಿದು ಬಿರುಕು ಬಿಟ್ಟಿದ್ದರೆ, ಈಗ ಕಮಾನನ್ನು ಹಿಡಿದು ನಿಲ್ಲಿಸಿರುವುದೇ ಆ ಮಣ್ಣು. ತೆಗೆದವರ ತಲೆಯ ಮೇಲೆ ಎಲ್ಲ ಬೀಳುತ್ತದೆ.

“ಎರಡ್ರಾಗ ಯಾವುದ್ರಿ?” ಎಂದೆ.

“ಮಣ್ಣು ತಗದಾಗ ತಿಳೀತೈತಿ.”

ಇಂಜಿನಿಯರ್ ಸಾಹೇಬರನ್ನು ಕೇಳೋಣವೆಂದು ಇಂಡಿಗೆ ಆಳು ಕಳಿಸಿದರೆ, ಅವರು ತಿರುಗಾಟದಲ್ಲಿದ್ದಾರೆ, ಎಂದು ಬರುವರೋ ತಿಳಿಯದು ಎಂದು ಉತ್ತರ ಬಂತು. ಪಡುವಣದಲ್ಲಿ ಮೋಡ ಮತ್ತೆ ಕಟ್ಟಿತ್ತು. ಈ ಸಲ ಅದು ಗುಡ್ಡದ ಬಣ್ಣಕ್ಕಿತ್ತು. ಗಚ್ಚು ಪೂರಾ ಬಲಿಯದಿದ್ದರೂ ಮರುದಿನವೇ ಮಣ್ಣು ತೆಗೆಯಬೇಕಾಯಿತು.

ಸಾಹೇಬರು ಒಂದು ಉಪಾಯ ಹೇಳಿದರು. ಹೊರಬಾಯಿಯ ಹತ್ತಿರ ಸ್ವಲ್ಪ ಮಣ್ಣು ತೆಗೆದು, ಒಳಮೈಯಲ್ಲಿ ಬಿರುಕು ಕಂಡಲ್ಲಿ, ಅದಕ್ಕೆ ಅಡ್ಡಲಾಗಿ ಒಂದು ಗಾಜಿನ ತುಣುಕನ್ನು ಸುಣ್ಣ ಬೆಲ್ಲ ಅರೆದು ಅಂಟಿಸುವುದು. ಮಣ್ಣು ತೆಗೆಯುವಾಗ ಒಬ್ಬರು ಅದರ ಮೇಲೆ ಕಣ್ಣಿಟ್ಟಿರಬೇಕು. ಕಲ್ಲು ಕೂದಲೆಳೆಯಷ್ಟು ಅಲುಗಿದರೂ ಗಾಜು ಹೇಳುತ್ತದೆ. ಗಾಜೆಲ್ಲಿಯದು? ಮುಕಾದಮ, ಬುಟ್ಟಿ ಹೊರುವ ಹೆಣ್ಣುಮಗಳೊಬ್ಬಳ ಕೈ ತೋರಿಸಿ, “ಬಳಿ ಅದಾವಲ್ರಿ” ಎಂದ.

ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಒಳಗೆ ಅಗೆಯಲು ಗೊತ್ತಾಗಿದ್ದ ನಾಲ್ವರಲ್ಲಿ ಒಬ್ಬ ಆಕೆಯ ಗಂಡ. “ಗಂಡ ಒಳಗ ಅಗಿಯಾಕ ಹೊಂಟಾನ, ನಾ ಹೊರಗ ಬಳಿ ಒಡದು ಕೊಡ್ಲೇನು? ಏನು ಮಾತಂತ ಆಡ್ತಿ ಮುಕಾದಮಣ್ಣ?” ಎಂದಳು. ಯಾರೂ ನಗಲಿಲ್ಲ.

“ಬ್ಯಾಡವ್ವ, ನಿನ್ನ ಬಳಿ ನಿನ್ನ ಕೈಯಾಗ ಇರ್ಲಿ,” ಎಂದು ಸಾಹೇಬರು ನನ್ನ ಕಡೆ ತಿರುಗಿದರು. “ತಮ್ಮಾ, ಕ್ರಾಪು ತೀಡಕೊಳ್ಳಾಕ ಕಿಸೇದಾಗ ಒಂದು ಕನ್ನಡಿ ಇಟಗೊಂಡೀಯಲ್ಲಾ, ತಾ ಇಲ್ಲೆ.”

ಆ ಕನ್ನಡಿ ನನ್ನ ಜೀವ. ಅದರ ಮುಂದೆಯೇ ನಾನು ಎಲ್ಲರ ಮುಖ ಅಭ್ಯಾಸ ಮಾಡುತ್ತಿದ್ದದ್ದು. ಕನ್ನಡಿ ಒಡೆಯುವುದೂ ಅಪಶಕುನವಲ್ಲವೇನ್ರಿ ಎಂದೆ. “ಅದು ನಿನ್ನ ಮಾರೀಗೆ ಆದೀತು, ಪೂಲಿಗಲ್ಲ,” ಎಂದು ಅದನ್ನು ಕಲ್ಲಿನ ಅಂಚಿಗೆ ಬಡಿದು, ಬೆರಳಗಲದ ಒಂದು ಪಟ್ಟಿ ಆರಿಸಿದರು. ರಾತ್ರಿ ಅಂಟು ಗಟ್ಟಿಯಾಯಿತು. ನನಗೆ ನಿದ್ದೆ ಹತ್ತಲಿಲ್ಲ.

ನಮ್ಮ ಕಡೆಯ ಕಲ್ಲು ಕಟ್ಟುವ ಗೌಂಡಿಗಳಲ್ಲಿ ಒಂದು ರಿವಾಜಿದೆ. ಕಮಾನಿನ ಮಣ್ಣು ತೆಗೆಯುವಾಗ ಅದನ್ನು ಕಟ್ಟಿಸಿದವನು ಅದರ ಕೆಳಗೆ ಕೂಡಬೇಕು. ಅವನು ಕೂಡದೆ ಯಾರೂ ಗುದ್ದಲಿ ಎತ್ತುವುದಿಲ್ಲ. ಚೇಳಿಗಂಜುವ ನಮ್ಮ ಸಾಹೇಬರು ಕೂಡುವರೆಂದು ನನಗೆ ನಂಬಿಕೆಯಿರಲಿಲ್ಲ. ಮುಂಜಾನೆ ಅವರು ಬಂದರು, ಟೊಪ್ಪಿಗೆ ಸರಿಮಾಡಿಕೊಂಡರು, ದಂಡೆಯ ಕಲ್ಲಿಗೆ ಕೈಮುಗಿದರು, ಪಶ್ಚಿಮಕ್ಕೆ ತಿರುಗಿ ಏನೋ ಹೇಳಿಕೊಂಡರು. ಅದು ಪ್ರಾರ್ಥನೆಯೋ ಮೋಡಕ್ಕೆ ಹೇಳಿದ್ದೋ ಗೊತ್ತಿಲ್ಲ. ಒಂದು ಬುಟ್ಟಿ ತಕ್ಕೊಂಡು ಒಳಗೆ ಹೋಗಿ, ಬೋರಲು ಹಾಕಿ ಅದರ ಮೇಲೆ ಕುಳಿತರು.

“ಗಾಜು ನೋಡಾಕ ಒಬ್ಬರು ಬೇಕು,” ಎಂದರು. “ನನ್ನ ಕಣ್ಣು ಹತ್ತಿರದ್ದು ಹಿಡಿಯೂದಿಲ್ಲ. ತಮ್ಮಾ, ನೀ ಹೊರಗ ನಿಲ್ಲು. ನಿಮ್ಮಪ್ಪ ನಿನ್ನ ಕಲಿಯಾಕ ಕಳಿಸ್ಯಾನ, ಹುಗಿಯಾಕಲ್ಲ. ಮುಕಾದಮ, ನೀ ಬಾ.”

“ನಾ ನೋಡ್ತೇನ್ರಿ,” ಎಂದಿತು ಒಂದು ದನಿ. ಅದು ಯಾರ ದನಿಯೋ ತಿಳಿಯಲಿಲ್ಲ, ನನ್ನದಂತೂ ಆಗಿರಲಿಲ್ಲ. ಆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಮುಕಾದಮನಂತೂ ಬಹಳ ಪ್ರೀತಿಯಿಂದ.

ಒಳಗೆ ಹಸಿ ಮಣ್ಣಿನ ವಾಸನೆ. ನನ್ನ ಮೂಗಿಗೆ ಗೇಣು ದೂರದಲ್ಲಿ ಕನ್ನಡಿಯ ಪಟ್ಟಿ. ಅದರಲ್ಲಿ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಅಷ್ಟು ಬೆದರಿದ ಕಣ್ಣನ್ನು ನಾನು ಯಾವ ಸೋಗಿನಲ್ಲೂ ತಂದಿರಲಿಲ್ಲ. ನಾಲ್ವರು ಬಗ್ಗಿ ಎರೆಮಣ್ಣು ಎಳೆದರು, ಹೆಣ್ಣುಮಕ್ಕಳು ಕೈಯಿಂದ ಕೈಗೆ ಬುಟ್ಟಿ ದಾಟಿಸಿದರು. ಒಂದೊಂದು ಗುದ್ದಲಿ ಏಟಿಗೂ ಮೇಲಿನಿಂದ ಪುಡಿ ಉದುರಿ ನನ್ನ ಕೊರಳಿಗೆ ಇಳಿಯುತ್ತಿತ್ತು. ಅಗೆಯುತ್ತ ಅಗೆಯುತ್ತ ನಮ್ಮ ತಲೆಯ ಮೇಲೆ ಏನೂ ಆಧಾರವಿಲ್ಲದ ಕಲ್ಲುಗಳು ಹೆಚ್ಚಾದವು. ಓರೆಗಣ್ಣಿನಲ್ಲಿ ಸಾಹೇಬರನ್ನು ನೋಡಿದೆ. ಅವರ ಬಲಗಾಲು ನಿಜವಾಗಿಯೂ ಬೇರೆಯಾಗಿಯೇ ನಡುಗುತ್ತಿತ್ತು.

“ಸಾಹೇಬ್ರ, ಅಂಜಿಕಿ ಬರವಲ್ದೇನ್ರಿ?” ಎಂದೆ, ಏನಾದರೂ ಮಾತು ಇರಲೆಂದು.

“ಕಾಣವಲ್ದೇನು ನಿನಗ? ಗಾಜು ನೋಡು.”

“ಮತ್ತ್ಯಾಕ ಕುಂತೀರಿ?”

ಅವರು ಹೆಗಲ ಮೇಲೆ ಬಿದ್ದ ಪುಡಿ ಕೊಡವಿಕೊಂಡರು. ಆಮೇಲೆ, “ನಾ ಹೊರಗ ನಿಂತು ಇವರನ್ನ ಒಳಗ ಕಳಿಸಿದ್ರ, ನನ್ನ ಅಂಜಿಕಿ ಇವರಿಗೆ ಹೊರಿಸಿದಂಗ ಆಗತೈತಿ. ಪಗಾರ ನನಗ, ಅಂಜಿಕಿ ಇವರಿಗೇನು? ಕಟ್ಟಾವ ಅಂಜಬೇಕು ತಮ್ಮಾ. ದಾಟಾವ ಅಂಜಬಾರ್ದು. ಅದಕ್ಕ ಸರಕಾರ ನನ್ನಂಥವನ್ನ ಇಟಗೊಂಡೈತಿ,” ಎಂದರು.

ಆ ಮಾತಿಗೆ ನಾನು ತಲೆಯಾಡಿಸುವಷ್ಟರಲ್ಲಿ ಗಾಜು ಟಿಕ್ ಎಂದಿತು.

ದೊಡ್ಡ ಸಪ್ಪಳವಲ್ಲ, ಯಾರೋ ಬಾಯಲ್ಲಿ ಶೇಂಗಾ ಒಡೆದಂತೆ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಗುದ್ದಲಿ ಬಿದ್ದವು, ಬುಟ್ಟಿ ಉರುಳಿದವು, ಎಲ್ಲರೂ ಓಡಿದರು. ನಾನು ಗೋಡೆಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದೆ, ಆದರೂ ಎಲ್ಲರಿಗಿಂತ ಮೊದಲು ದಂಡೆಯ ಮೇಲಿದ್ದೆ. ಹೇಗೆಂದು ಕೇಳಬೇಡಿ. ಆ ಹೆಣ್ಣುಮಗಳು ಗಂಡನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದಳು. ತಿರುಗಿ ನೋಡಿದರೆ ಸಾಹೇಬರು ಇಲ್ಲ. ಅವರು ಕಮಾನಿನ ಕೆಳಗೆ, ಬುಟ್ಟಿಯ ಮೇಲೆ, ಹಾಗೆಯೇ ಕುಳಿತಿದ್ದರು.

ಧೈರ್ಯದಿಂದ ಕುಳಿತಿದ್ದರು ಎಂದು ಬರೆದರೆ ಅವರೇ ಎದ್ದು ಬಂದು ಹೊಡೆದುಹಾಕುವರು. ಕಾಲು ಏಳಲಿಲ್ಲ, ಅಷ್ಟೆ. ‘ಕಾಲು ಬಂದಿದ್ರ ನಿನಗಿಂತ ಮುಂದ ಇರ್ತಿದ್ದೆ’ ಎಂದು ಆಮೇಲೆ ತಾವೇ ಹೇಳಿದರು. ಆದರೆ ಕೂತವರು ಸುಮ್ಮನೆ ಕೂತಿರಲಿಲ್ಲ. ಕುತ್ತಿಗೆ ಉದ್ದ ಮಾಡಿ, ಕಣ್ಣು ಕಿರಿದು ಮಾಡಿ ಗಾಜನ್ನೇ ನೋಡುತ್ತಿದ್ದರು. ಆಮೇಲೆ ಬೆರಳು ಮಡಚಿ ನನ್ನನ್ನು ಕರೆದರು.

ನಾನು ಹೋದೆ. ದಂಡೆಯಿಂದ ಅಲ್ಲಿಗೆ ನಾಲ್ಕು ಮಾರು ದಾರಿ.

“ನಿನ್ನ ಕಣ್ಣಿಲೆ ನೋಡಿ ಹೇಳು,” ಎಂದರು. ದನಿ ಇರಲಿಲ್ಲ, ಬರೀ ಉಸಿರು. “ತುಣಕಿನ ನಡುವ ಸಂದಿ ಬಿದ್ದೈತೋ, ಒಂದರ ಮ್ಯಾಲ ಒಂದು ಏರೈತೋ?”

ಬೆರಳು ಸೋಕಿಸಿ ನೋಡಿದೆ. ಗಾಜು ನಡುವೆ ಮುರಿದಿತ್ತು. ಆದರೆ ಎರಡು ತುಣುಕು ದೂರ ಸರಿದಿರಲಿಲ್ಲ. ಒಂದರ ಅಂಚು ಇನ್ನೊಂದರ ಮೇಲೆ ಹತ್ತಿ ಕುಳಿತಿತ್ತು.

“ಏರೈತ್ರಿ.”

“ಮತ್ತೊಮ್ಮಿ ನೋಡು.”

“ಏರೈತ್ರಿ ಸಾಹೇಬ್ರ.”

ಅವರು ಗೋಡೆ ಹಿಡಿದು ಎದ್ದು ಬಿರುಕಿಗೆ ಉಗುರು ಇಟ್ಟರು. ನಿನ್ನೆ ಒಳಗೆ ಹೋದದ್ದು ಇಂದು ಹೋಗಲಿಲ್ಲ. ಬಿರುಕು ತೆರೆದು ಗಾಜು ಹರಿದದ್ದಲ್ಲ, ಬಿರುಕು ಮುಚ್ಚುತ್ತಾ ಗಾಜನ್ನು ಒತ್ತಿ ಮುರಿದಿತ್ತು. ಎರೆ ಹೋದ ಮೇಲೆ ಕಲ್ಲು ಇಳಿದು ಒಂದರ ಹೆಗಲಿಗೆ ಒಂದು ಒರಗಿದ್ದವು. ಎಲ್ಲರೂ ಬೀಳುವ ಸಪ್ಪಳವೆಂದು ಓಡಿದ್ದು ಕಮಾನು ಕೂತ ಸಪ್ಪಳಕ್ಕೆ.

“ಕರಿ ಅವರನ್ನ,” ಎಂದರು. ಅವರ ದನಿ ದಂಡೆ ಮುಟ್ಟುವಂತಿರಲಿಲ್ಲ. ಆಚೆ ಗುಡುಗು ಕೇಳುತ್ತಿತ್ತು.

ನಾನು ಸಾಹೇಬರ ದನಿ ತೆಗೆದು, “ಬರ್ರೆಪ್ಪಾ, ಏನೂ ಆಗಿಲ್ಲ, ಕಮಾನು ಕುಂತೈತಿ,” ಎಂದು ಕೂಗಿದೆ. ಆ ದನಿ ಅಷ್ಟು ಸರಿಯಾಗಿ ಹಿಂದೆಂದೂ ಬಂದಿರಲಿಲ್ಲ, ನಡುಕ ಸಹಿತ.

“ಏ ಖೋಡಿ, ನಿನ್ನ ಆಟ ನಮಗ ತಿಳಿಯೂದಿಲ್ಲೇನು?” ಎಂದು ಮುಕಾದಮ ಅಲ್ಲಿಂದಲೇ ಬೈದ.

ಆದರೆ ಬಳೆಯ ಹೆಣ್ಣುಮಗಳ ಗಂಡ ಬಗ್ಗಿ ನೋಡಿದ. “ಸಾಹೇಬ್ರು ಏನು ಮಾಡಾಕತ್ತಾರು?” ಎಂದು ಕೇಳಿದ.

ಸಾಹೇಬರು ಆಗ ತಾನೇ ಮತ್ತೆ ಬುಟ್ಟಿಯ ಮೇಲೆ ಕೂಡುತ್ತಿದ್ದರು. “ಕುಂತಾರು,” ಎಂದೆ, ನನ್ನ ದನಿಯಲ್ಲೇ.

“ಹಂಗಾರ ನಡೀರಿ,” ಎಂದು ಆತ ಗುದ್ದಲಿ ಎತ್ತಿಕೊಂಡ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಚೆ ಬದಿಯ ಬೆಳಕು ಒಳಗೆ ಬಿತ್ತು. ಸಂಜೆಗೆ ಬಾಯಿ ಪೂರಾ ಖುಲ್ಲಾ ಆಯಿತು. ಮರುದಿನ ಹಳ್ಳ ಬಂತು. ಮುಳ್ಳುಕಂಟಿ, ಸೊಪ್ಪೆ, ಯಾರದೋ ಮುರಿದ ಬಂಡಿಯ ಗಾಲಿ ಎಲ್ಲವನ್ನೂ ಹೊತ್ತು ಬಂದು, ಕಮಾನಿನ ಬಾಯಿಯಲ್ಲಿ ನುಗ್ಗಿ ಆಚೆ ಹೋಯಿತು. ಕೂಲಿಯವರು ಕೇಕೆ ಹಾಕಿದರು. ಸಾಹೇಬರು ಜಾಲಿಕಂಟಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಏನೂ ಆಗದವರಂತೆ ಬಂದು ನಿಂತರು. ಅದನ್ನು ಕಂಡವನು ನಾನೊಬ್ಬನೇ. ಇಲ್ಲಿಯತನಕ ಯಾರ ಮುಂದೆಯೂ ಆಡಿ ತೋರಿಸಿಲ್ಲ.

ಓದು ಮುಗಿದ ಮೇಲೆ ನನಗೂ ಇಂಡಿಯಲ್ಲೇ ಅದೇ ಕೆಲಸ ಸಿಕ್ಕಿತು. ಈಗ ನನ್ನ ಕೈಕೆಳಗೂ ಕೂಲಿಯವರಿದ್ದಾರೆ. ಮೊದಲ ಸಲ ಕಮಾನಿನ ಕೆಳಗೆ ಕುಳಿತಾಗ ನನ್ನ ಎರಡೂ ಕಾಲು ಬೇರೆ ಬೇರೆಯಾಗಿ ನಡುಗಿದವು, ನನಗೆ ಒಳಗೊಳಗೇ ಸಮಾಧಾನವಾಯಿತು. ಅವರಿಂದ ನಾನು ಸರಿಯಾಗಿ ಕಲಿತದ್ದು ಅಷ್ಟೆ. ಉಳಿದ ಪುಸ್ತಕದ ಮಾತುಗಳನ್ನು ಬೇರೆ ಯಾರಾದರೂ ಹೇಳಿಕೊಡುತ್ತಿದ್ದರು.

ಹೋದ ಮಳೆಗಾಲದಲ್ಲಿ ಸಾಹೇಬರು ತೀರಿಕೊಂಡ ಸುದ್ದಿ ತಡವಾಗಿ ಬಂತು. ಇಂಡಿಯಿಂದ ಬಸ್ಸು ಹತ್ತಿದೆ. ಹೊರಗೆ ಮಳೆ ಹಿಡಿದಿತ್ತು. ತಾಂಬಾ ದಾಟಿದ ಮೇಲೆ ಕಿಟಕಿ ಒರೆಸಿ ನೋಡುತ್ತಲೇ ಕುಳಿತೆ. ಹಳ್ಳ ಎರಡೂ ದಂಡೆ ತುಂಬಿ ಓಡುತ್ತಿತ್ತು. ಡ್ರೈವರು ಬೀಡಿ ಸೇದುತ್ತಿದ್ದ, ಪೂಲಿನ ಮೇಲೂ ಬಸ್ಸಿನ ವೇಗ ತಗ್ಗಿಸಲಿಲ್ಲ. ಪಕ್ಕದ ಮುದುಕಿ ನಿದ್ದೆಯಲ್ಲಿದ್ದಳು. ಸಿಂದಗಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳ ಮುಟ್ಟಿದಾಗ ಅವರನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು.

ಅವರ ಹೆಂಡತಿ ಬಾಗಿಲ ಪರದೆಯ ಹಿಂದಿನಿಂದ ಮಾತಾಡಿದರು. “ಜ್ವರದಾಗೂ ಒಂದ ಮಾತು ಕೇಳ್ತಿದ್ರಪಾ, ತಾಂಬಾದ ಕಡೆ ಮಳಿ ಎಷ್ಟಾತು, ಹಳ್ಳ ಎಷ್ಟು ಬಂತು ಅಂತ. ನಾವು ಏನಂತ ಹೇಳೂದು, ನಮಗೇನು ಗೊತ್ತು?”

“ಹಳ್ಳ ತುಂಬಿ ಹರಿಯಾಕತ್ತೈತ್ರಿ ಅಮ್ಮಾರ,” ಎಂದೆ. “ಪೂಲು ಹಂಗ ಐತಿ. ಅದರ ಮ್ಯಾಲಿಂದನ ಬಂದೇನಿ. ಬಸ್ಸಿನ್ಯಾಗಿನ ಮಂದಿ ಎಲ್ಲಾ ಮಲಗಿದ್ರು.”

ಪರದೆಯ ಕೆಳಗಿನಿಂದ ಒಂದು ಕೈ ನೀರಿನ ಲೋಟ ಈಚೆ ಸರಿಸಿತು.

“ಇದನ್ನ ಹೇಳಾಕ ನೀ ಮೂರು ದಿನ ಮೊದಲ ಬರಬೇಕಿತ್ತು ನೋಡಪಾ,” ಎಂದರು.